ಅಕ್ಕನ ಚುಕ್ಕಿಗಳ ಕಾಟ

ನಮ್ಮ ಅಕ್ಕನ ಮೇಲೆ ಒಂದು ದೂರು ಕೊಡಬೇಕೆಂದು ನಾನು ಬಹಳ ದಿನಗಳಿಂದ ಯೋಚಿಸುತ್ತಿದ್ದೇನೆ. ಯಾವ ಠಾಣೆಯಲ್ಲಿ ಕೊಡಬೇಕೆಂಬುದು ಮಾತ್ರ ತಿಳಿಯುತ್ತಿಲ್ಲ. ಆಕೆ ಕದ್ದಿಲ್ಲ, ಹೊಡೆದಿಲ್ಲ, ಯಾರ ಜಮೀನನ್ನೂ ಒತ್ತುವರಿ ಮಾಡಿಲ್ಲ. ಆದರೆ ನೆಮ್ಮದಿಯಾಗಿ ಬದುಕುತ್ತಿದ್ದ ನಮ್ಮ ಮನೆತನದ ಒಬ್ಬೊಬ್ಬರನ್ನೂ ಹಿಡಿದು ಚುಕ್ಕಿ ಮಾಡಿ, ಕಂಪ್ಯೂಟರ್ ಪರದೆಯ ಮೇಲೆ ಊರಿಗೆಲ್ಲ ಕಾಣುವಂತೆ ನಿಲ್ಲಿಸಿದ್ದಾಳೆ. ಇದಕ್ಕೆ ಕಾನೂನಿನಲ್ಲಿ ಏನಾದರೂ ದಾರಿ ಇದೆಯೇ ಎಂದು ಅವಳ ಪಕ್ಕದ ಮನೆಯ ವಕೀಲರನ್ನು ಕೇಳಿದೆ. ಅವರು "ನನ್ನನ್ನ ಇದರೊಳಗೆ ಎಳೀಬೇಡಿ ಸ್ವಾಮಿ" ಎಂದು ಬಾಗಿಲು ಹಾಕಿಕೊಂಡರು. ಆಮೇಲೆ ತಿಳಿಯಿತು, ಅವರ ಮನೆಯ ನೀರಿನ ಟ್ಯಾಂಕು ಯಾವ ವಾರ ಎಷ್ಟು ಹೊತ್ತು ತುಂಬಿ ಹರಿದಿದೆ ಎಂಬುದರ ಗ್ರಾಫನ್ನು ಅಕ್ಕ ಆಗಲೇ ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿಯಾಗಿತ್ತು.

ಅಕ್ಕ ಕಟ್ಟಾಯದ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ವಾಸ ಹಾಸನದಲ್ಲಿ. ಭಾವ ಗೊರೂರಿನಲ್ಲಿ ನೀರಾವರಿ ಇಲಾಖೆಯ ಕೆಲಸ ಮುಗಿಸಿ ನಿವೃತ್ತರಾದವರು, ಮಾತು ಕಡಿಮೆ. ಮಾತು ಕಡಿಮೆಯಾಗಲು ಕಾರಣ ಇಲಾಖೆಯಲ್ಲ. ನಾನು ಹೊಳೆನರಸೀಪುರದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವನು. ವಿಜ್ಞಾನಕ್ಕೂ ನನಗೂ ಎಸ್ಸೆಸ್ಸೆಲ್ಸಿಯಲ್ಲೇ ಪರಸ್ಪರ ಒಪ್ಪಿಗೆಯ ಮೇಲೆ ವಿಚ್ಛೇದನವಾಗಿದೆ. ಅಂಥವನ ಬೆನ್ನಿಗೆ ಈ ಅಕ್ಕ.

ಎಲ್ಲ ಶುರುವಾದದ್ದು ಹಾಸನದಲ್ಲಿ ನಡೆದ ಒಂದು ತರಬೇತಿಯಿಂದ. ಅಂಥ ತರಬೇತಿಗಳಲ್ಲಿ ಏನಾಗುತ್ತದೆಂದು ಮೇಷ್ಟರುಗಳಿಗೆ ಬೇರೆ ಹೇಳಬೇಕೆ? ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬರು ಪರದೆಯ ಮೇಲಿರುವುದನ್ನು ಓದಿ ಹೇಳುತ್ತಾರೆ, ಮಕ್ಕಳಿಗೆ ಓದಿ ಹೇಳಬೇಡಿ ಎಂದು. ಅಕ್ಕ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಎರಡು ಸಲ ಎದ್ದು ನಿಂತು ಜಗಳವಾಡಿದ್ದಳಂತೆ. ಕೊನೆಗೆ ಎಲ್ಲರೂ ಚೀಲ ಕಟ್ಟುತ್ತಿದ್ದಾಗ ಅರಕಲಗೂಡಿನಿಂದ ಬಂದಿದ್ದ ಒಬ್ಬ ಮೇಷ್ಟರು, "ಮೇಡಂ, ಇದೊಂದು ನೋಡಿ" ಎಂದು ತಮ್ಮ ಮೊಬೈಲಿನಲ್ಲಿ ಒಂದು ಪುಟ ತೆರೆದು ತೋರಿಸಿದರು. ಬ್ರೌಸರಿನಲ್ಲೇ ತೆರೆದುಕೊಳ್ಳುವ ಪುಟ. ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಕೊಳ್ಳಬೇಕಿಲ್ಲ. ಒಂದು ಕಡೆ ಅಂಕಿಗಳನ್ನು ಬರೆದರೆ ಇನ್ನೊಂದು ಕಡೆ ಅಷ್ಟೂ ಚುಕ್ಕಿಗಳಾಗುತ್ತವೆ. ಯಾವ ಕಾಲಮ್ಮಿನ ಅಂಕಿಗಳು ಬೇಕೋ ಅದರ ಹೆಸರನ್ನು ಎಳೆದು ಗ್ರಾಫಿನ ಗೆರೆಯ ಮೇಲೆ ಬಿಟ್ಟರೆ ಸಾಕು, ಬೆಲ್ ಹೊಡೆದಾಗ ಮಕ್ಕಳು ಸಾಲಿಗೆ ಓಡುವ ಹಾಗೆ ಚುಕ್ಕಿಗಳೆಲ್ಲ ತಂತಮ್ಮ ಜಾಗಕ್ಕೆ ಓಡುತ್ತವೆ. ಯಾವುದಾದರೂ ಚುಕ್ಕಿಯನ್ನು ಮುಟ್ಟಿದರೆ ಅದು ಯಾರದ್ದೆಂದು ಪಕ್ಕದ ಸಾಲು ಹೊಳೆದು ಹೇಳುತ್ತದೆ.

ಅಕ್ಕ ಅವತ್ತು ಮನೆಗೆ ಹೋಗಲಿಲ್ಲ. ನೇರವಾಗಿ ಬಸ್ಸು ಹತ್ತಿ ಹೊಳೆನರಸೀಪುರಕ್ಕೆ, ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಟ್ಟದ್ದೇ "ನಿನ್ನ ಲ್ಯಾಪ್‌ಟಾಪ್ ತಾ" ಎಂದಳು.

"ಕಾಫಿ ಕುಡಿ ಮೊದಲು" ಎಂದೆ.

"ಇಷ್ಟು ವರ್ಷ ಮಕ್ಕಳ ಕೈಲಿ ಸತ್ತ ಗ್ರಾಫ್ ಬರೆಸಿದೀನಿ ಕಣೋ. ಪುಸ್ತಕದಲ್ಲಿರೋ ಗೆರೆ ನೋಡ್ಕೊಂಡು ಅದೇ ಗೆರೆ. ಯಾರದ್ದು, ಎಲ್ಲೀದು, ಏನಕ್ಕೆ ಅಂತ ಒಬ್ಬರಾದ್ರೂ ಕೇಳಿದಾರಾ? ಹೇಮಾವತಿ ಇಲ್ಲೇ ಪಕ್ಕದಲ್ಲಿ ತುಂಬಿ ಕೂತಿದೆ, ಇವರು ಯಾವುದೋ ದೇಶದಲ್ಲಿ ಬಿದ್ದ ಮಳೆ ಬರೀಬೇಕಂತೆ. ನಾಚಿಕೆ ಆಗಲ್ವಾ?"

ಆ ಪುಸ್ತಕವನ್ನು ನಾನೇ ಅಚ್ಚು ಹಾಕಿಸಿದವನಂತೆ ತಲೆ ತಗ್ಗಿಸಿ ನಿಂತೆ. ಅಕ್ಕ ಸಿಟ್ಟಾದಾಗ ಎದುರಿಗೆ ಇದ್ದವರೇ ಅಪರಾಧಿಗಳು.

ಮಕ್ಕಳ ಮೇಲೆ ಪ್ರಯೋಗಿಸುವ ಮುನ್ನ ತಾನು ಕೈ ಪಳಗಿಸಿಕೊಳ್ಳಬೇಕೆಂದು ಅವಳು ನಮ್ಮ ಮೇಲೆ ಪ್ರಯೋಗಿಸಿದಳು. ಚನ್ನರಾಯಪಟ್ಟಣದಲ್ಲಿ ನಮ್ಮ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ. ಗಂಡಿನ ಕಡೆಯವರು ಬಂದು ಕೂತರು, ಕಾಫಿ ಬಂತು. ಗಂಡಿನ ತಂದೆ ಲೋಟ ಎತ್ತಿ ಬಾಯಿಗಿಡುವುದರಲ್ಲಿದ್ದರು. "ಒಂದು ನಿಮಿಷ, ಕುಡೀಬೇಡಿ" ಎಂದಳು ಅಕ್ಕ. ಆ ಮನುಷ್ಯ ಬೆಚ್ಚಿ ಲೋಟ ಕೆಳಗಿಟ್ಟರು. ಹೆಣ್ಣಿನ ಮನೆಯವರೇ ಕುಡಿಯಬೇಡಿ ಎಂದರೆ ಯಾರಿಗೆ ತಾನೇ ಎದೆ ಝಲ್ಲೆನ್ನುವುದಿಲ್ಲ? ಅಕ್ಕ ಕೈಚೀಲದಿಂದ ಮೂರು ಥರ್ಮಾಮೀಟರ್ ತೆಗೆದಳು. ಒಂದು ಸ್ಟೀಲ್ ಲೋಟಕ್ಕೆ, ಒಂದು ಪಿಂಗಾಣಿ ಕಪ್ಪಿಗೆ, ಒಂದು ಪೇಪರ್ ಲೋಟಕ್ಕೆ. ಬೀಗರ ಕಡೆಯ ಮೂವರು ಹಿರಿಯರಿಗೆ ಒಂದೊಂದು ಹಿಡಿಸಿ, "ನಾನು ಹೇಳಿದಾಗ ಎಷ್ಟಿದೆ ಅಂತ ಓದಿ" ಎಂದಳು. ಅವರು ಓದಿದರು. ಪಾಪ, ಏನೋ ಶಾಸ್ತ್ರ ಇರಬೇಕೆಂದುಕೊಂಡರು. ಮೊಬೈಲಿನಲ್ಲಿ ಮೂರು ಗೆರೆಗಳು ಒಂದರ ಪಕ್ಕ ಒಂದು ಇಳಿಯುತ್ತಾ ಹೋದವು.

"ಕಾಫಿ ತಣ್ಣಗಾಗೋಯ್ತಲ್ಲಮ್ಮ" ಎಂದರು ಗಂಡಿನ ತಂದೆ.

"ಅದೇ ನಮಗೆ ಬೇಕಾಗಿದ್ದು" ಎಂದಳು ಅಕ್ಕ.

ಚಿಕ್ಕಪ್ಪ ಗೋಡೆ ಹಿಡಿದುಕೊಂಡರು. ನಿಶ್ಚಿತಾರ್ಥವೇನೋ ಮುಗಿಯಿತು. ಹೊರಡುವಾಗ ಗಂಡಿನ ತಂದೆ ಚಿಕ್ಕಪ್ಪನನ್ನು ಪಕ್ಕಕ್ಕೆ ಕರೆದು ಕೇಳಿದ್ದು ಒಂದೇ ಮಾತು. "ಈ ಹೆಣ್ಣುಮಗಳು ಮದುವೆಗೂ ಬರ್ತಾರಾ?"

ಇಷ್ಟಕ್ಕೇ ನಿಂತಿದ್ದರೆ ನಾನು ಸುಮ್ಮನಿರುತ್ತಿದ್ದೆ. ನನಗೆ ಒಂದು ಅಭ್ಯಾಸವಿದೆ. ಯಾರಾದರೂ ಫೋನಿನಲ್ಲಿ ಎಲ್ಲಿದ್ದೀಯ ಎಂದರೆ "ಐದು ನಿಮಿಷ, ಬಂದೇಬಿಟ್ಟೆ" ಎನ್ನುತ್ತೇನೆ. ಸಂಸಾರಸ್ಥರಲ್ಲಿ ಹೀಗೆ ಹೇಳದವರು ಯಾರಿದ್ದಾರೆ? ಅಕ್ಕ ನನ್ನ ಹೆಂಡತಿಯನ್ನು ಒಳಗೆ ಹಾಕಿಕೊಂಡು, ನಾನು ಹೇಳಿದ ನಿಮಿಷಗಳನ್ನೂ ನಿಜವಾಗಿ ಬಂದ ನಿಮಿಷಗಳನ್ನೂ ಗುಟ್ಟಾಗಿ ಕೂಡಿಸಿದ್ದಾಳೆ. ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಅದನ್ನು ತೆರೆದು ತೋರಿಸಿದಳು. ಚುಕ್ಕಿಗಳು ಆಕಾಶದಿಂದ ಇಳಿಯುವ ಹಕ್ಕಿಗಳ ಹಾಗೆ ಮೇಲಿನಿಂದ ಕೆಳಕ್ಕೆ ಬಂದಿದ್ದವು.

"ನೋಡು, ಇವನು ಐದು ನಿಮಿಷ ಅಂದ್ರೆ ಒಂದು ಗಂಟೆ. ಹತ್ತು ನಿಮಿಷ ಅಂದ್ರೆ ಮುಕ್ಕಾಲು ಗಂಟೆ. ಜಾಸ್ತಿ ಹೇಳಿದಷ್ಟೂ ಬೇಗ ಬರ್ತಾನೆ."

"ಹಂಗಾದ್ರೆ ಇನ್ಮೇಲೆ ಒಂದು ಗಂಟೆ ಅನ್ನಿ, ಬಿಸಿ ಸಾರಿಗಾದ್ರೂ ಸಿಗ್ತೀರ" ಎಂದಳು ನನ್ನ ಹೆಂಡತಿ. ಭಾವ ಆ ವರ್ಷ ಮೊದಲ ಸಲ ನಕ್ಕರು. ಹೆಂಡತಿಯನ್ನೂ ಅಕ್ಕನನ್ನೂ ಒಂದೇ ಪಕ್ಷದಲ್ಲಿ ಕಂಡ ಗಂಡಸಿಗೆ ಈ ದೇಶದಲ್ಲಿ ಯಾವ ರಕ್ಷಣೆ ಇದೆ ಎಂದು ನಾನು ಕೇಳುತ್ತೇನೆ.

ಶಾಲೆಯಲ್ಲಿ ಅವಳ ಸಿಟ್ಟು ಬೇರೆಯದೇ ಎತ್ತರದಲ್ಲಿತ್ತು. ದಾನಿಗಳೊಬ್ಬರು ಕೊಟ್ಟ ದೊಡ್ಡ ಟಿ.ವಿ. ಒಂದಿತ್ತು. ಇಂಟರ್‌ನೆಟ್ ಹಾಕಿದರೆ ಬ್ರೌಸರ್ ತೆರೆಯುವಂಥದ್ದು. ಅದನ್ನು ಹೆಡ್ಮಾಸ್ಟರು ತಮ್ಮ ಕೋಣೆಯಲ್ಲಿ, ಬಂದ ದಿನದ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದೆ ಗೋಡೆಗೆ ಕೂರಿಸಿದ್ದರು. ಮಕ್ಕಳು ಮುಟ್ಟಿ ಹಾಳುಮಾಡಿದರೆ ಯಾರು ಜವಾಬ್ದಾರಿ ಎಂಬುದು ಅವರ ಪ್ರಶ್ನೆ. ಕೆಟ್ಟ ಮನುಷ್ಯರಲ್ಲ, ಜವಾಬ್ದಾರಿ ಎಂಬ ಪದ ಕೇಳಿದರೆ ಬೆವರುವವರು, ಅಷ್ಟೆ.

"ಸಾರ್, ಮಕ್ಕಳಿಗೆ ಅಂತ ಕೊಟ್ಟಿದ್ದಕ್ಕೆ ಮುಸುಕು ಹಾಕಿ ಕೂರಿಸಿದೀರಲ್ಲ, ಹಸೆಮಣೆಗೆ ಕಳಿಸೋದು ಯಾವಾಗ?" ಎಂದು ಅಕ್ಕ ಸ್ಟಾಫ್ ಮೀಟಿಂಗಿನಲ್ಲೇ ಕೇಳಿದಳು.

ಟಿ.ವಿ. ಸಿಗಲಿಲ್ಲ. ಅಕ್ಕ ಬಿಡಲೂ ಇಲ್ಲ. ಆ ಶಾಲೆಯಲ್ಲಿ ನೆಟ್‌ವರ್ಕ್ ಸಿಗುವುದು ಜಗಲಿಯ ತುದಿಯ ಒಂದು ಕಿಟಕಿಯ ಹತ್ತಿರ ಮಾತ್ರ. ಅವಳು ತನ್ನ ಮೊಬೈಲನ್ನು ಆ ಕಿಟಕಿಯ ಸರಳಿಗೆ ಕಟ್ಟಿ, ಹಳೆಯ ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟು, ಜಗಲಿಯಲ್ಲೇ ಪಾಠ ಶುರುಮಾಡಿದಳು. ಮಕ್ಕಳು ಪೇಪರಿನಿಂದ ಗೊರೂರು ಅಣೆಕಟ್ಟೆಯ ನೀರಿನ ಮಟ್ಟ ಬರೆದುಕೊಂಡು ಬಂದರು. ಅದನ್ನು ಮಳೆಯ ಪಕ್ಕಕ್ಕೆ ಇಟ್ಟು ನೋಡಿದರು. ಇಲ್ಲಿ ಮಳೆ ಬೀಳದ ದಿನವೂ ನೀರು ಯಾಕೆ ಏರಿತು ಎಂದು ಅವರೇ ಕಚ್ಚಾಡಿ, ಮಳೆ ಹೊಳೆ ಹುಟ್ಟುವ ಮೂಡಿಗೆರೆ ಕಡೆ ಬಿದ್ದಿದೆ ಎಂಬಲ್ಲಿಗೆ ಅವರೇ ಬಂದರು. ಅದುವರೆಗೆ ಗ್ರಾಫ್ ಎಂದರೆ ಎರಡು ಅಂಕದ ಪ್ರಶ್ನೆಯಾಗಿದ್ದ ಮಕ್ಕಳು, ಬೆಲ್ ಆದರೂ ಏಳುತ್ತಿರಲಿಲ್ಲವಂತೆ. ಇದನ್ನು ಅಕ್ಕ ಫೋನಿನಲ್ಲಿ ನನಗೆ ಹೇಳುವಾಗಲೂ ಸಂತೋಷದಿಂದ ಹೇಳಲಿಲ್ಲ. "ಇಷ್ಟು ದಿನ ಈ ಮಕ್ಕಳನ್ನ ದಡ್ಡರು ಅಂತಿದ್ರಲ್ಲ, ಅವರನ್ನ ಏನು ಮಾಡ್ಬೇಕು ಹೇಳು" ಎಂದಳು.

ಹೀಗಿರುವಾಗ ಹಾಸನದಿಂದ ಮೇಲಿನವರು ಶಾಲೆ ನೋಡಲು ಬರುತ್ತಾರೆಂದು ಸುದ್ದಿ ಬಂತು. ಬೆವತ ಹೆಡ್ಮಾಸ್ಟರಿಗೆ ತಟ್ಟನೆ ಅಕ್ಕನ ಚುಕ್ಕಿಗಳು ನೆನಪಾದವು. ಟಿ.ವಿ.ಯ ಹೊದಿಕೆ ತೆಗೆಸಿ, ಜಗಲಿ ತುದಿಯ ಕಿಟಕಿಗೆ ಹತ್ತಿರವಿದ್ದ ತರಗತಿಗೆ ಆ ಒಂದು ದಿನದ ಮಟ್ಟಿಗೆ ತರಿಸಿದರು. "ಮೇಡಂ, ಏನಾದ್ರೂ ಚೆನ್ನಾಗಿರೋದು ತೋರಿಸಿ" ಎಂದರು. ಅಕ್ಕ ಒಂಬತ್ತನೇ ತರಗತಿಗೆ ನಾಡಿಬಡಿತದ ಪಾಠ ಇಟ್ಟುಕೊಂಡಳು. ಮಕ್ಕಳು ಕೂತಿದ್ದಾಗ ಒಬ್ಬರ ನಾಡಿ ಒಬ್ಬರು ಎಣಿಸುವುದು, ಆಮೇಲೆ ಮೈದಾನ ಸುತ್ತಿ ಓಡಿ ಬಂದು ಮತ್ತೆ ಎಣಿಸುವುದು, ಎರಡನ್ನೂ ಆ ಪುಟಕ್ಕೆ ತುಂಬುವುದು. ಮೇಲಿನವರು ಬರುವ ದಿನ ಬೆಳಿಗ್ಗೆ ಅವಳ ಲ್ಯಾಪ್‌ಟಾಪ್ ಕೈಕೊಟ್ಟಿತು. ನನಗೆ ಫೋನ್. ರಜೆ ಹಾಕಿ, ನನ್ನದನ್ನು ಕಾರಿನಲ್ಲಿಟ್ಟುಕೊಂಡು ಹೋದೆ. ಹೋಗದೆ ಇದ್ದರೆ ಏನಾಗುತ್ತಿತ್ತೆಂದು ನನಗೆ ಗೊತ್ತು, ಅದಕ್ಕೂ ಒಂದು ಚುಕ್ಕಿ ಬೀಳುತ್ತಿತ್ತು.

ನಾನು ಹೋದಾಗ ಮಕ್ಕಳು ಓಡಿ ಬಂದು ಏದುಸಿರು ಬಿಡುತ್ತಾ ಒಬ್ಬರ ಮಣಿಕಟ್ಟು ಒಬ್ಬರು ಹಿಡಿದಿದ್ದರು. ನನ್ನ ಲ್ಯಾಪ್‌ಟಾಪನ್ನು ಟಿ.ವಿ.ಗೆ ಜೋಡಿಸಿದ್ದಾಯಿತು, ಅಂಕಿಗಳೆಲ್ಲ ಪುಟದೊಳಗೆ ಹೋದವು. ಟಿ.ವಿ. ಮೇಲೆ ಚುಕ್ಕಿಗಳು ಕೆಳಗೆ ಒಂದು ಗುಂಪಾಗಿ ಕೂತವು. ಅದು ಕೂತಾಗಿನ ನಾಡಿ. ಅಕ್ಕ ಓಡಿದ ಮೇಲಿನ ಅಂಕಿಗಳನ್ನು ಎಳೆದು ಗೆರೆಯ ಮೇಲೆ ಬಿಟ್ಟಳು. ಚುಕ್ಕಿಗಳು ಒಟ್ಟಿಗೆ ಮೇಲಕ್ಕೆ ಏರಿದವು. ಮಕ್ಕಳು ಹೋ ಎಂದರು.

ಒಂದು ಚುಕ್ಕಿ ಏರಲಿಲ್ಲ. ಕೆಳಗೆ, ಇದ್ದಲ್ಲೇ, ಒಂದೇ ನಿಂತಿತ್ತು.

ಹೆಡ್ಮಾಸ್ಟರು ಕನ್ನಡಕ ಸರಿಮಾಡಿಕೊಂಡರು. "ಇದ್ಯಾವುದೋ ತಪ್ಪು ಎಣಿಸಿದಾರೆ ಮೇಡಂ. ತೆಗೆದ್ಬಿಡಿ ಅದನ್ನ. ಇನ್ನೇನು ಬಂದ್ಬಿಡ್ತಾರೆ, ನೋಡೋಕೆ ಚೆನ್ನಾಗಿರಲ್ಲ."

"ತಪ್ಪಾಗಿದ್ರೆ ಎಣಿಸಿ ಸರಿ ಮಾಡೋಣ. ತೆಗೆಯೋದ್ಯಾಕೆ?"

"ಒಂದು ಚುಕ್ಕಿಗೆ ಇಷ್ಟೊಂದು ಮಾತು ಬೇಕಾ?"

ಅಕ್ಕ ಆ ಚುಕ್ಕಿಯನ್ನು ಮುಟ್ಟಿದಳು. ಪಕ್ಕದಲ್ಲಿ ಒಂದು ಸಾಲು ಹೊಳೆಯಿತು. ಹುಡುಗಿಯ ನಿಜವಾದ ಹೆಸರು ಬೇಡ, ಪವಿತ್ರ ಎಂದಿಟ್ಟುಕೊಳ್ಳಿ. ತೆಳ್ಳಗಿನ ಹುಡುಗಿ, ಕೊನೆಯ ಬೆಂಚಿನ ಪಕ್ಕ ಗೋಡೆಗೆ ಒರಗಿ ನಿಂತಿದ್ದಳು. ಅವಳ ನಾಡಿ ಎಣಿಸಿದ ಗೆಳತಿ ಅಳುವ ಹಾಗಾಗಿ, "ನಾನು ಸರಿಯಾಗೇ ಎಣಿಸ್ದೆ ಮಿಸ್, ಎರಡು ಸಲ ಎಣಿಸ್ದೆ" ಎಂದಳು.

"ಅವಳು ಓಡೇ ಇಲ್ಲ ಮಿಸ್, ಅವಳು ಸೋಮಾರಿ" ಎಂದ ಯಾರೋ ಹಿಂದಿನಿಂದ. ಕೆಲವರು ನಕ್ಕರು. "ಆಟದ ಪೀರಿಯಡ್ನಲ್ಲೂ ಕೂತೇ ಇರ್ತಾಳೆ ಬಿಡಿ, ಹಂಗೇ ಅವಳು" ಎಂದರು ಹೆಡ್ಮಾಸ್ಟರು.

"ಓಡಿದ್ಯೇನಮ್ಮ?" ಎಂದು ಅಕ್ಕ ಕೇಳಿದಳು.

"ಓಡ್ದೆ ಮಿಸ್. ಅರ್ಧ ಓಡ್ದೆ. ಆಮೇಲೆ ಕಣ್ಣು ಕತ್ಲೆ ಬಂದಂಗಾಯ್ತು. ಯಾವಾಗ್ಲೂ ಅಂಗೇ ಮಿಸ್, ಏನೂ ಇಲ್ಲ."

ಅಕ್ಕ ಅವಳನ್ನು ಬೆಂಚಿನ ಮೇಲೆ ಕೂರಿಸಿ, ಮಣಿಕಟ್ಟು ಹಿಡಿದು, ಗೋಡೆಯ ಗಡಿಯಾರ ನೋಡುತ್ತಾ ತಾನೇ ಎಣಿಸಿದಳು. ಮತ್ತೊಂದು ಸಲ ಎಣಿಸಿದಳು. ಆ ಮಗುವಿನ ನಾಡಿ ಐವತ್ತನ್ನೂ ಮುಟ್ಟುತ್ತಿರಲಿಲ್ಲ, ಓಡಿ ಬಂದ ಮೇಲೂ.

"ಸಾರ್, ಇದು ತಪ್ಪು ಎಣಿಸಿದ್ದಲ್ಲ. ಇವಳನ್ನ ಈಗಲೇ ಡಾಕ್ಟರಿಗೆ ತೋರಿಸ್ಬೇಕು."

"ಈಗಲಾ? ಮೇಲಿನವರು ಹೊರಟಾಯ್ತಂತೆ ಮೇಡಂ. ನಾಳೆ ಕರ್ಕೊಂಡು ಹೋಗಿ, ಬೇಡ ಅಂತೀನಾ? ನೀವು ಹೋದ್ರೆ ಇದನ್ನ ಯಾರು ತೋರಿಸ್ತಾರೆ?"

ಆಗ ಅಕ್ಕನಿಗೆ ಬಂದ ಸಿಟ್ಟು ನಾನು ಕಂಡ ಸಿಟ್ಟುಗಳಲ್ಲಿ ಯಾವುದರ ಹಾಗೂ ಇರಲಿಲ್ಲ. ದನಿ ಏರಲೇ ಇಲ್ಲ. "ಈ ಮಗು ಈ ಶಾಲೆಗೆ ಬಂದಾಗಿಂದ ಸೋಮಾರಿ ಅನ್ನಿಸ್ಕೊಂಡಿದೆ ಸಾರ್. ನಾನೂ ಅದನ್ನ ಕೇಳಿಸ್ಕೊಂಡಿದೀನಿ. ಇವತ್ತು ಅದರ ಎದೆ ಏನು ಹೇಳ್ತಿದೆ ಅಂತ ಅಷ್ಟು ದೊಡ್ಡ ಟಿ.ವಿ.ಲಿ ಕಾಣ್ತಿದೆ. ನೀವು ತೆಗೆದ್ಬಿಡಿ ಅಂತೀರ. ಬಂದವರಿಗೆ ಇದನ್ನೇ ತೋರಿಸಿ. ಇರೋ ಹಾಗೇ ತೋರಿಸಿ." ನನ್ನ ಕಡೆ ತಿರುಗಿ, "ಕಾರು ತೆಗಿ" ಎಂದಳು.

ಹುಡುಗಿಯನ್ನು ಕೂರಿಸಿಕೊಂಡು ಮೊದಲು ಅವಳ ಮನೆಗೆ ಹೋದೆವು. ತಕ್ಕಮಟ್ಟಿಗೆ ಜಮೀನಿದ್ದ ಮನೆ. ತಂದೆ ಶುಂಠಿ ಹೊಲದಿಂದ ಕೈ ಒರೆಸಿಕೊಂಡು ಬಂದರು. ಅಜ್ಜಿ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. "ಉಟ್ದಾಗ್ಲಿಂದ್ಲೂ ಅಂಗೇ ಕಣವ್ವ, ವಸಿ ಸುಸ್ತು. ದೊಡ್ಡೋಳಾದ್ರೆ ಸರಿ ಓಗ್ತದೆ" ಎಂದರು ಅಜ್ಜಿ. ತಂದೆಯೂ, "ಮೇಡಮ್ಮೋರೇ, ಜ್ವರ ಇಲ್ಲ, ಕೆಮ್ಮಿಲ್ಲ. ಆಸ್ಪತ್ರೆಗೆ ಯಾತಕ್ಕೆ? ಹೆಣ್ಣುಡುಗಿ, ನಾಳೆ ನಾಲ್ಕು ಜನ ಏನೇನೋ ಅಂತಾರೆ" ಎಂದರು.

ನಾನು ಈಗ ಬೈಗುಳ ಶುರುವಾಗುತ್ತದೆಂದು ಕಾದೆ. ಅಕ್ಕ ಬೈಯಲಿಲ್ಲ. ಜಗಲಿಯ ಮೇಲೆ ಅವರ ಪಕ್ಕದಲ್ಲೇ ಕೂತು ಮೊಬೈಲಿನಲ್ಲಿ ಆ ಪುಟ ತೆರೆದಳು.

"ಇವೆಲ್ಲ ನಮ್ಮ ಕ್ಲಾಸಿನ ಮಕ್ಕಳು. ಸುಮ್ಮನೆ ಕೂತಿದಾರೆ. ಈಗ ಓಡಿ ಬರ್ತಾರೆ, ನೋಡಿ" ಎಂದು ಬೆರಳು ಎಳೆದಳು. ಚುಕ್ಕಿಗಳು ಏರಿದವು.

ತಂದೆ ಬಗ್ಗಿ ನೋಡಿದರು. "ಎಲ್ಲಾವೂ ಎದ್ವಲ್ಲ. ಇದೊಂದ್ಯಾಕೆ ಅಲ್ಲೇ ಅದೆ?"

"ಮುಟ್ಟಿ ನೋಡಿ."

ಮಣ್ಣು ಮೆತ್ತಿದ ಬೆರಳಿನಿಂದ ಅವರು ಮುಟ್ಟಿದರು. ಮಗಳ ಹೆಸರು ಹೊಳೆಯಿತು. ಅವರು ಆ ಹೆಸರನ್ನು ಒಂದು ಸಲ ಮೆಲ್ಲಗೆ ಓದಿದರು, ಆಮೇಲೆ ಕಾರಿನ ಕಿಟಕಿಯ ಬಳಿ ಕೂತಿದ್ದ ಮಗಳನ್ನು ನೋಡಿದರು. ಒಳಗೆ ಹೋಗಿ ಅಂಗಿ ಬದಲಾಯಿಸಿಕೊಂಡು ಬಂದು ಕಾರು ಹತ್ತಿದರು.

ಹಾಸನದ ಆಸ್ಪತ್ರೆಯಲ್ಲಿ ಇ.ಸಿ.ಜಿ. ಮಾಡಿದ ಡಾಕ್ಟರು ಆ ಪಟ್ಟಿಯನ್ನು ಉದ್ದಕ್ಕೆ ಹಿಡಿದು ನೋಡಿ, ಹುಡುಗಿಯನ್ನು ನಡೆಸಬೇಡಿ, ಗಾಲಿಕುರ್ಚಿ ತನ್ನಿ ಎಂದರು. ಹೃದಯದ ಮೇಲಿನ ಕೋಣೆ ಹೇಳಿದ್ದು ಕೆಳಗಿನ ಕೋಣೆಗೆ ತಲುಪುತ್ತಿಲ್ಲ, ಹುಟ್ಟಿನಿಂದಲೇ ಇದ್ದಿರಬೇಕು, ತಡಮಾಡದೆ ಮೈಸೂರಿಗೆ ಹೋಗಿ, ಪೇಸ್‌ಮೇಕರ್ ಹಾಕುತ್ತಾರೆ ಎಂದರು. "ಯಾರು ಕಂಡುಹಿಡಿದದ್ದು?" ಎಂದು ಕೇಳಿದರು. "ಅವಳ ಗೆಳತಿ. ಸರಿಯಾಗಿ ಎಣಿಸಿದಳು" ಎಂದಳು ಅಕ್ಕ.

ಅವತ್ತು ಬಂದ ಮೇಲಿನವರಿಗೆ ಹೆಡ್ಮಾಸ್ಟರು ಏನು ತೋರಿಸಿದರೋ ಗೊತ್ತಿಲ್ಲ. ಅನುಮತಿ ಇಲ್ಲದೆ ಶಾಲೆ ಬಿಟ್ಟದ್ದಕ್ಕೆ ಕಾರಣ ಕೇಳಿ ಅಕ್ಕನಿಗೆ ಒಂದು ನೋಟೀಸು ಮಾತ್ರ ಬಂತು. ಅವಳು ಉತ್ತರವಾಗಿ ಒಂದಕ್ಷರವನ್ನೂ ಬರೆಯದೆ ಆ ಗ್ರಾಫನ್ನೇ ಅಚ್ಚು ತೆಗೆಸಿ, ಯಾರದೆಂದು ತಿಳಿಯದಂತೆ ಹೆಸರು ಮರೆಮಾಡಿ ಲಗತ್ತಿಸಿದಳು. ಅದರ ಮೇಲೆ ಮತ್ತೆ ಯಾವ ಕಾಗದವೂ ಬರಲಿಲ್ಲ. ಮೈಸೂರಿನ ಆಸ್ಪತ್ರೆಗೆ ಹೆಡ್ಮಾಸ್ಟರೇ ಒಂದು ದಿನ ಮೂಸಂಬಿ ಚೀಲ ಹಿಡಿದು ಬಂದರು. ಹುಡುಗಿಯ ಮಂಚದ ಪಕ್ಕ ಕೂತು, "ಟಿ.ವಿ. ಈಗ ಕ್ಲಾಸಿಗೇ ಹಾಕ್ಸಿದೀನಮ್ಮ, ಬೇಗ ಬಾ" ಎಂದರು. ಆಗಲೂ ಅಕ್ಕ ಬಿಡಲಿಲ್ಲ. "ಮೂಸಂಬಿ ಬಾಡಿದೆ, ನೋಡಿ ತರೋಕಾಗಲ್ವಾ?" ಎಂದು ಗೊಣಗಿದಳು. ಅವರು ಹೋದ ಮೇಲೆ ಸುಲಿದು ಹುಡುಗಿಗೆ ಒಂದೊಂದೇ ತೊಳೆ ಕೊಟ್ಟಳು.

ಪೇಸ್‌ಮೇಕರ್ ಹಾಕಿ ಹುಡುಗಿಯನ್ನು ಮನೆಗೆ ಕಳಿಸುವ ದಿನ ಕಾರು ತೆಗೆದುಕೊಂಡು ಹೋದವನು ನಾನೇ. ತಂದೆ ಮುಂದಿನ ಸೀಟಿನಲ್ಲಿ ಕೂತು ಕೆ.ಆರ್. ನಗರ ದಾಟುವುದರೊಳಗೆ ನಿದ್ದೆಹೋದರು. ಪಾಪ, ಅಷ್ಟು ದಿನ ಸರಿಯಾಗಿ ಮಲಗಿದ್ದರೋ ಇಲ್ಲವೋ. ಹಿಂದಿನ ಸೀಟಿನಲ್ಲಿ ಹುಡುಗಿ ಅಕ್ಕನ ಹೆಗಲಿಗೆ ಒರಗಿ ಮಲಗಿದ್ದಳು. ಹೊಳೆನರಸೀಪುರ ಹತ್ತಿರವಾಗುವಾಗ ಕನ್ನಡಿಯಲ್ಲಿ ನೋಡಿದೆ. ಅಕ್ಕನ ಬೆರಳು ಅವಳ ಮಣಿಕಟ್ಟಿನ ಮೇಲಿತ್ತು. ಮೈಸೂರಿನಿಂದ ಅಲ್ಲಿಯವರೆಗೆ ಅದನ್ನು ಬಿಟ್ಟಿರಲಿಲ್ಲವೆಂದು ಕಾಣುತ್ತದೆ. ಇನ್ನು ಇದನ್ನೂ ಗ್ರಾಫ್ ಮಾಡುತ್ತಾಳೆ ಎಂದುಕೊಂಡು ಕೇಳಿದೆ.

"ಎಷ್ಟಿದೆ ಅಕ್ಕ ಈಗ?"

"ಎಣಿಸ್ತಿಲ್ಲ ಕಣೋ" ಎಂದಳು. ದನಿ ನಮ್ಮ ಅಕ್ಕನದ್ದಾಗಿರಲಿಲ್ಲ. "ಸುಮ್ನೆ ಹಿಡ್ಕೊಂಡಿದೀನಿ."

ನಾನು ಕನ್ನಡಿಯಲ್ಲೇ ನೋಡುತ್ತಿದ್ದೆ. ಅವಳು ಇನ್ನೊಂದು ಕೈಯಿಂದ ಸೆರಗೆಳೆದು ಕಣ್ಣೊರೆಸಿಕೊಂಡು, ಹುಡುಗಿ ಏಳದ ಹಾಗೆ ಪಿಸುಗುಟ್ಟಿದಳು.

"ಏನು ನೋಡ್ತೀಯ? ಮುಂದೆ ನೋಡಿ ಓಡಿಸು. ಗುಂಡಿ ಇದೆ, ಮೆಲ್ಲಗೆ."